ಒಂಬತ್ತು ತೂತು

ಹಳೇ ಕಂಪ್ಯೂಟರುಗಳ ಆ ರಿಪೇರಿ ಅಂಗಡಿ ಅಪ್ಪನಿಂದ ಬಂದದ್ದು, ಅಕ್ಕತಂಗಿಯರಿಬ್ಬರಿಗೂ ಸೇರಿದ್ದು. ಆದರೆ ದೀಪದ ಕೆಳಗಿನ ಸ್ಟೂಲು ಮಾತ್ರ ಅಕ್ಕನದು. ಯಾವ ಮಾನಿಟರಿನ ಕೇಬಲ್ಲು ಯಾವ ಯಂತ್ರದ ಬೆನ್ನಿಗೆ ಸೇರಬೇಕೆಂದು ಹೇಳುವವಳು ಅವಳೇ. ತಂಗಿ ನಲವತ್ತು ವರ್ಷ ಸ್ಕ್ರೂ ಬಿಚ್ಚಿದಳು, ಧೂಳು ಒರೆಸಿದಳು.

ಅಕ್ಕ ಕಲಿಸಿದ ಪಾಠ ಒಂದೇ: “ತೂತು ಎಣಿಸಿದ್ರೆ ಸಾಲ್ದು ಕಣೇ, ಪಕ್ಕದ ಮನೇಲಿ ಯಾರಿದಾರೆ ನೋಡು.” ಹಸಿರಕ್ಷರದ ಪರದೆಗೂ ಬಣ್ಣದ ಪರದೆಗೂ ಯಂತ್ರದ ಹಿಂದೆ ಅದೇ ಒಂಬತ್ತು ತೂತು, ಮೇಲೆ ಐದು, ಕೆಳಗೆ ನಾಲ್ಕು. ಹಸಿರಿನದಾದರೆ ಪಕ್ಕದಲ್ಲಿ ಪ್ರಿಂಟರಿನ ಉದ್ದ ಬಾಯಿ. ಬಣ್ಣದ್ದಾದರೆ ಒಂದು ದುಂಡು ಕಿಂಡಿ. ತಪ್ಪಿ ಸೇರಿಸಿದರೂ ಸರಾಗವಾಗಿ ಕೂರುತ್ತದೆ. ಕೂತ ಮೇಲೆ ಪರದೆಯನ್ನೇ ಸುಡುತ್ತದೆ.

ಎರಡು ವರ್ಷದಿಂದ ಅಕ್ಕನ ಕಣ್ಣಿಗೆ ಮಂಜು ಕವಿದಿತ್ತು. ಯಾರಿಗೂ ಹೇಳಿರಲಿಲ್ಲ. ಭಗವಂತ ಬೆರಳಿಗೇ ಕಣ್ಣು ಕೊಟ್ಟಿದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ತಂಗಿಗೆ ಗೊತ್ತಾಗಿತ್ತು, ಅವಳೂ ಬಾಯಿ ಬಿಟ್ಟಿರಲಿಲ್ಲ.

ಅವತ್ತು ಮ್ಯೂಸಿಯಮ್ಮಿನ ಮೇಲ್ವಿಚಾರಕರು ಒಂದೇ ಥರ ಕಾಣುವ ಎರಡು ಯಂತ್ರಗಳನ್ನೂ ಒಂದು ಹಸಿರಕ್ಷರದ ಮಾನಿಟರನ್ನೂ ತಂದರು.

“ಅಮ್ಮಾ, ಇಂಥ ಮಾನಿಟರು ನಮ್ಮಲ್ಲಿ ಇದೊಂದೇ ಇರೋದು. ಜೋಪಾನ.”

“ನನಗಿಂತ ಚಿಕ್ಕದು ಬಿಡಿ ಸಾರ್. ಮಗು ಥರ ನೋಡ್ಕೋತೀನಿ,” ಎಂದು ಅಕ್ಕ ನಕ್ಕಳು.

ಮೊದಲ ಯಂತ್ರದ ಬೆನ್ನು ತಿರುಗಿಸಿ ಬೆರಳಾಡಿಸಿದಳು. ಐದು, ನಾಲ್ಕು. ಬೆರಳು ಇನ್ನು ಪಕ್ಕಕ್ಕೆ ಸರಿಯಬೇಕಿತ್ತು. ಅಷ್ಟರಲ್ಲಿ ಮೇಲ್ವಿಚಾರಕರು ಬಗ್ಗಿ ನೋಡುತ್ತಾ, “ಏನಮ್ಮಾ, ತಡಕಾಡ್ತಿದೀರಿ? ಕಣ್ಣು ಕಾಣಲ್ವಾ?” ಎಂದು ತಮಾಷೆ ಮಾಡಿದರು.

“ಕಾಣ್ದೆ ಏನು!” ಬೆರಳು ಅಲ್ಲೇ ನಿಂತಿತು. ಕೇಬಲ್ಲು ಚುಚ್ಚಿ ಬಿಗಿದಳು.

ಹಿಂದೆ ನಿಂತಿದ್ದ ತಂಗಿಗೆ ಒಂಬತ್ತು ತೂತಿನ ಪಕ್ಕದ ದುಂಡು ಕಿಂಡಿ ಚೆನ್ನಾಗಿ ಕಾಣುತ್ತಿತ್ತು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವಳು ನೀಟಾಗಿ ಮಡಚಿದಳು.

ಸ್ವಿಚ್ಚು ಹಾಕಿದ ಕೂಡಲೇ ಸಣ್ಣ ಸಿಳ್ಳೆ ಎದ್ದಿತು. ಏರಿತು. ಪರದೆಯ ಮೇಲೆ ಹಸಿರು ಗೆರೆಯೊಂದು ಸೊಟ್ಟಗಾಗಿ ಆರಿಹೋಯಿತು. ಸುಟ್ಟ ವಾಸನೆ ತುಂಬಿಕೊಂಡಿತು.

ಮೇಲ್ವಿಚಾರಕರೇ ಸ್ವಿಚ್ಚು ಆರಿಸಿದರು. ಹೊರಡುವಾಗ ತಂಗಿಯ ಕಡೆ ತಿರುಗಿ, “ಇನ್ಮೇಲೆ ನೀವೇ ನೋಡೋದಾದ್ರೆ ಮಾತ್ರ ಕಳಿಸ್ತೀನಿ,” ಎಂದರು.

ಅಂಗಡಿ ಖಾಲಿಯಾದ ಮೇಲೆ ಅಕ್ಕ ಕೇಳಿದಳು: “ನೀನು ನೋಡ್ತಾ ನಿಂತಿದ್ಯಲ್ಲೇ?”

“ನಿಂತಿದ್ದೆ.”

“ಒಂದು ಮಾತು ಹೇಳಬಾರದಿತ್ತಾ?”

“ನೀನೊಂದು ಮಾತು ಕೇಳಬಾರದಿತ್ತಾ ಅಕ್ಕಾ? ನಲವತ್ತು ವರ್ಷದಲ್ಲಿ ಒಂದ್ಸಲ?”

ಮಾರನೆಯ ಬೆಳಿಗ್ಗೆ ಅಕ್ಕ ತಾನಾಗಿಯೇ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ದೀಪದ ಕೆಳಗೆ ತಂಗಿ ಕೂತಳು. ಸ್ಟೂಲನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು.

ಮಧ್ಯಾಹ್ನ ಬೇರೊಂದು ಯಂತ್ರ ಬಂತು. ಬೆನ್ನಿನಲ್ಲಿ ಎರಡು ಸಾಲಿನ ಹದಿನೈದು ತೂತು. ಅದು ಪರದೆಗೋ, ಆಟದ ಜಾಯ್‌ಸ್ಟಿಕ್ಕಿಗೋ? ತಂಗಿ ಕೇಬಲ್ಲು ಹಿಡಿದು ಅನುಮಾನಿಸಿದಳು. ಹಿಂದೆ ಮುಂದೆ ತಿರುಗಿಸಿದಳು. ಅನುಮಾನಿಸುವ ಆ ಸದ್ದಿಲ್ಲದ ಹೊತ್ತು ಅಕ್ಕನಿಗೆ ಚೆನ್ನಾಗಿ ಗೊತ್ತು. ತಾನೊಂದು ಸಲ ಬೆರಳಾಡಿಸಿದ್ದರೆ ಯಾವುದೆಂದು ಹೇಳಿಬಿಡುತ್ತಿದ್ದಳು.

ದೇವರೇ, ಅವಳು ನನ್ನನ್ನು ಕೇಳಲಿ, ಎಂದು ಕುರ್ಚಿಯ ತೋಳು ಹಿಡಿದು ಬೇಡಿಕೊಂಡಳು. ತಾನಾಗಿ ಹೇಳಲು ಬಾಯಿ ಬರಲಿಲ್ಲ.

ತಂಗಿ ಒಮ್ಮೆ ಬಾಗಿಲ ಬಳಿಯ ಅಕ್ಕನ ಕಡೆ ನೋಡಿದಳು. ಆಮೇಲೆ ಏನೂ ಕೇಳದೆ ಕೇಬಲ್ಲು ಚುಚ್ಚಿ, ಸ್ವಿಚ್ಚಿಗೆ ಕೈ ಹಾಕಿದಳು.