ಮಣ್ಣಿನ ದುಡ್ಡು

"ಕೆಸರುಗಾಲಲ್ಲಿ ಒಳಗೆ ನುಗ್ಗಿಬಿಟ್ಯಲ್ಲ, ಇದೇನು ನಿಮ್ಮಪ್ಪನ ಮನೆ ಜಗಲೀನಾ?" ಗುಮಾಸ್ತ ಶಿವಮೂರ್ತಿ ನನ್ನ ಮುಖ ನೋಡಲಿಲ್ಲ, ಕಾಲು ನೋಡಿ ಕೇಳಿದ.

ನಾಟಿ ಗದ್ದೆಯಿಂದ ನೆಟ್ಟಗೆ ಬ್ಯಾಂಕಿಗೆ ಓಡಿಬಂದಿದ್ದೆ. ಬೆಳಗ್ಗೆ ಪೈರಿನ ಕಟ್ಟು ಹೊತ್ತು ಬದುವಿನ ಮೇಲೆ ಬರುತ್ತಿದ್ದ ನಮ್ಮಣ್ಣ ಹುಚ್ಚಯ್ಯ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಕಾಲು ತೊಳೆಯುವ ಪುರುಸೊತ್ತು ಯಾರಿಗಿತ್ತು?

ಸೊಂಟದಿಂದ ಪಾಸ್‌ಬುಕ್ ತೆಗೆದು ಕೊಟ್ಟೆ. "ಇರೋದೆಲ್ಲಾನೂ ಕೊಟ್ಬುಡಿ ಸಾ. ಮನೇಲಿ ಎಣ ಬಿದ್ದದೆ."

ಆ ದುಡ್ಡು ನಮ್ಮ ಕೇರಿಯ ಮೂವತ್ತು ಮನೆಯದು. ಮೂರು ವರ್ಷದ ಹಿಂದೆ ಮಾದಮ್ಮಜ್ಜಿ ಸತ್ತಾಗ ಚಟ್ಟಕ್ಕೆ ಬಿದಿರಿಲ್ಲದೆ ಗೌಡನ ಹಿತ್ತಲಲ್ಲಿ ಕೈಮುಗಿದು ನಿಂತಿದ್ದೆವು. ಎರಡು ಗಳ ಕೊಟ್ಟು ಎಂಟಾಳನ್ನು ಎರಡು ದಿನ ಬಿಟ್ಟಿ ದುಡಿಸಿಕೊಂಡ, ಮುಂಡೇಮಗ. ಅಜ್ಜಿಯ ತಿಥಿ ಆದ ಮರುದಿನವೇ ಅಣ್ಣ ಮನೆಗೆ ಐವತ್ತರಂತೆ ಎತ್ತಿ, ಹುಲ್ಲಹಳ್ಳಿಯ ಈ ಬ್ಯಾಂಕಿಗೆ ಬಂದು ನನ್ನ ಹೆಸರೂ ಅವನ ಹೆಸರೂ ಸೇರಿಸಿ ಖಾತೆ ಮಾಡಿಸಿದ. ಸಾವು ಬಂದರೆ ಮಾತ್ರ ತೆಗೆಯಬೇಕು, ನಡುವೆ ಯಾರೂ ಮುಟ್ಟಬಾರದು ಅಂತ ಕೇರಿಯವರೆಲ್ಲ ಮಾರಿಗುಡಿ ಮುಂದೆ ಮಾತು ಕೊಟ್ಟೆವು.

ಹೋದ ಆಷಾಢದಲ್ಲಿ ನನ್ನ ಮಗಳು ರಾಣಿ ಜ್ವರದಲ್ಲಿ ನಂಜನಗೂಡಿನ ಆಸ್ಪತ್ರೆ ಸೇರಿದಳು. ಇನ್ನೂರು ರೂಪಾಯಿ ತೆಗೆದುಕೊಡು ಅಂತ ಅಣ್ಣನ ಕಾಲು ಹಿಡಿದೆ. "ಸಾವಿನ ದುಡ್ಡ ಬದುಕೋ ಮಗೀಗೆ ತಗುಲಿಸ್ಬ್ಯಾಡ ಕಣೆ ರಾಚಿ," ಅಂದುಬಿಟ್ಟ. ಕಿವಿಯ ಓಲೆ ಅಡವಿಟ್ಟು ಮಗಳನ್ನು ಉಳಿಸಿಕೊಂಡೆ. ಆರು ತಿಂಗಳು ಅವನ ಜೊತೆ ಮಾತಾಡಲಿಲ್ಲ.

ಶಿವಮೂರ್ತಿ ಕಂಪ್ಯೂಟರ್ ಕುಟ್ಟಿದ. "ನಲವತ್ತು ರೂಪಾಯಿ ಇದೆ."

"ಸಾವ್ರದೈನೂರು ಸಾ."

"ಇತ್ತು. ಕಟ್ಟಿದ ದಿನದಿಂದ ಒಂದು ಸಲಾನೂ ಹಾಕಿಲ್ಲ, ತೆಗೆದಿಲ್ಲ. ಸುಮ್ಮನೆ ಬಿದ್ದಿರೋ ಖಾತೆಗೆ ಮೂರು ತಿಂಗಳಿಗೊಮ್ಮೆ ಚಾರ್ಜ್ ಬೀಳುತ್ತೆ. ಆಗಾಗ ಬಂದು ಹತ್ತು ರೂಪಾಯಿ ತೆಗೆದಿದ್ರೂ ಸಾಕಿತ್ತು."

"ಯಾರೂ ಸಾಯ್ದೆ ಎಂಗ್ ತೆಗ್ಯದು ಸಾ? ಸಾಯ್ನಿಲ್ಲ ಅಂತ ನಮ್ಗೆ ದಂಡ ಹಾಕುದ್ರಾ?"

ಸಾಲಿನಲ್ಲಿ ನಿಂತವರು ನಕ್ಕರು. ಗಾಜಿನ ರೂಮಿನಿಂದ ಮ್ಯಾನೇಜರ್ ಹೊರಗೆ ಬಂದ. "ಏನಮ್ಮ ಗಲಾಟೆ? ನೋಟಿಸ್ ಕಳಿಸಿದ್ವಲ್ಲ."

ಆ ಇಂಗ್ಲಿಷ್ ಕಾಗದ ಪಾಸ್‌ಬುಕ್ಕಿನೊಳಗೇ ಇತ್ತು. ದೊಡ್ಡ ಬ್ಯಾಂಕಿನವರು ನಮಗೂ ಕಾಗದ ಬರೆದಿದ್ದಾರೆ ಅಂತ ಅಣ್ಣ ಅದನ್ನು ಮಡಿಸಿ ಜೋಪಾನ ಮಾಡಿದ್ದ.

"ಚಾರ್ಜ್ ವಾಪಸ್ ಬೇಕಂದ್ರೆ ಅರ್ಜಿ ಕೊಡಿ. ಇಬ್ಬರು ಖಾತೆದಾರರೂ ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಬೇಕು."

"ಇನ್ನೊಬ್ನೇ ಸತ್ತಿರದು ಸಾ. ಅವ್ನ್ ಮಣ್ಗೇ ದುಡ್ ಕೇಳ್ತಾ ಇರದು."

"ಹಂಗೆ ಹೇಳಿ ದುಡ್ಡು ಹೊಡೆಯೋರು ಬೇಕಾದಷ್ಟು ಜನ ಇದ್ದಾರೆ. ನೀನೊಬ್ಬಳೇ ಬಂದ್ರೆ ಆ ನಲವತ್ತೂ ಕೊಡಕ್ಕಾಗಲ್ಲ. ನಡಿ, ನೆಲ ಎಲ್ಲ ಹೊಲಸು ಮಾಡ್ದೆ."

ಕೇರಿಗೆ ಬಂದಾಗ ಅಣ್ಣನ ಮೈ ತೊಳೆದು ಮಲಗಿಸಿದ್ದರು. ಅವನ ಮಗ ಚಿಕ್ಕಮಾದು ಬಾಗಿಲಲ್ಲಿ ನಿಂತಿದ್ದ.

"ದುಡ್ಡು ಸಿಕ್ತಾ ಅತ್ತೆ?"

"ಬ್ಯಾಂಕ್‌ನೋರು ತಿಂದ್ರು ಕಣ್ಲಾ."

"ಗೌಡನ ಇತ್ಲಿಗೆ ಓಗ್ಬರ್ಲಾ?"

"ಓದ್ರೆ ಕಾಲ್ ಮುರೀತೀನಿ. ನಮ್ಮನೆ ಏಣಿ ತಕ್ಕೊಂಬಾ."

ಏಣಿಯ ಮೇಲೆ ಅಣ್ಣನನ್ನು ಮಲಗಿಸಿ, ನನ್ನ ಸೀರೆ ಹೊದಿಸಿದೆವು. ಅರ್ಧ ದಾರಿಯಲ್ಲಿ ಹೆಣ ಇಳಿಸಿ ಹೆಗಲು ಬದಲಿಸುವುದು ನಮ್ಮ ಪದ್ಧತಿ, ನಾಲೆ ಪಕ್ಕದ ಹುಣಸೆಮರದ ಕೆಳಗೆ. ಇವತ್ತು ನಾನು ಮುಂದೆ ನಡೆದು, ತಮಟೆಯವರನ್ನು ಸಂತೆ ಬೀದಿಗೆ ತಿರುಗಿಸಿದೆ. ಹೆಗಲು ಕೊಟ್ಟವರೂ ಹಿಂದೆಯೇ ತಿರುಗಿದರು.

ಬ್ಯಾಂಕಿನ ಬಾಗಿಲಿಗೆ ಅಡ್ಡಲಾಗಿ, ಮೇಲಿನ ಮೆಟ್ಟಿಲ ಮೇಲೆ ಏಣಿ ಇಳಿಸಿದೆವು. ತಮಟೆ ನಿಂತಿತು. ಮ್ಯಾನೇಜರ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದ. "ಎತ್ತೋ, ಎತ್ತೋ ಅದನ್ನ," ಅಂತ ಜವಾನನಿಗೆ ಹೇಳಿದ. ಜವಾನ ಹಿಂದೆ ಸರಿದ. ನಮ್ಮ ಹೆಣವನ್ನು ನಾವೇ ಎತ್ತಬೇಕು, ಆ ಊರಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ.

ಸೀರೆ ಸರಿಸಿ ಅಣ್ಣನ ಎಡಗೈ ಹೊರಗೆ ತೆಗೆದೆ. ಎಷ್ಟು ತೊಳೆದಿದ್ದರೂ ಹೆಬ್ಬೆಟ್ಟಿನ ಉಗುರಲ್ಲಿ ಗದ್ದೆಯ ಕೆಸರು ಉಳಿದಿತ್ತು.

"ಇಬ್ರೂ ಖುದ್ದಾಗ್ ಬಂದಿವಿ ಸಾ. ಇಂಕ್ ಪ್ಯಾಡ್ ತರ್ಸಿ."

ಮ್ಯಾನೇಜರ್ ಬಾಗಿಲಲ್ಲೇ ನಿಂತ. ನಾನು ಅಣ್ಣನ ಕೈ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತೆ. ಚಿಕ್ಕಮಾದು ಕೂತ. ಕೇರಿಯವರೆಲ್ಲ ಕೂತರು.