ಗುಂಯ್ ನಿಂತ ಭಾನುವಾರ

“ಅದನ್ನ ಮುಟ್ಟಿ ಅಂತ ನಿಮಗೆ ಯಾರು ಹೇಳಿದ್ರು?” ಎಂದಳು ಹಾಡುವ ಹುಡುಗಿ.

“ಯಾರಾದ್ರೂ ಹೇಳ್ಬೇಕಾ? ಕಣ್ಣಿಗೆ ಕಾಣ್ತು, ಮಾಡ್ದೆ.”

“ನಾಲ್ಕು ವರ್ಷದಿಂದ ಬರ್ತಿದೀರಲ್ಲ ಮಾಮ, ಏನು ಕೇಳಿಸ್ಕೊಂಡ್ರಿ ಹಾಗಾದ್ರೆ? ಕಿವಿ ಮನೇಲಿ ಬಿಟ್ಟು ಬರ್ತಿದ್ರಾ?”

“ಮೈಕು ತುಟಿಗೆ ತಾಗ್ದಾಗೆಲ್ಲ ನೀನು ಚುರುಕ್ ಅಂತ ಹಿಂದೆ ಸರಿಯೋದನ್ನ ನೋಡಿದೀನಿ. ಅದನ್ನ ನಿಲ್ಸಿದ್ದು. ಒಂದಿನ ಅಲ್ಲೇ ಅಂಟ್ಕೊಂಡು ಸಾಯ್ತಿದ್ದೆ.”

“ನಾನು ಸಾಯ್ತಿದ್ನೋ ಇಲ್ವೋ. ಹಾಡಂತೂ ಸತ್ತೋಯ್ತು.”

ಭಾನುವಾರ ಮಧ್ಯಾಹ್ನ ಒಂದು ಗಂಟೆ. ಮುಚ್ಚಿಹೋದ ಅಚ್ಚುಕೂಟವೊಂದರ ಮೇಲಿನ ಮಹಡಿ. ಆ ಮಹಡಿಯಲ್ಲಿ ಪ್ರತಿ ಭಾನುವಾರ ಊರಿನ ಸಣ್ಣ ಸಣ್ಣ ಬ್ಯಾಂಡುಗಳು ತಮ್ಮದೇ ಹಾಡು ಕಟ್ಟಿಕೊಂಡು ಬಂದು ನುಡಿಸುತ್ತವೆ. ಸಂಜೆಯಾದರೆ ಅಕ್ಕಪಕ್ಕದವರು ಗಲಾಟೆ ಎನ್ನುತ್ತಾರೆಂದು ಮೂರಕ್ಕೆ ಶುರು, ಐದೂವರೆಗೆ ಮುಗಿತಾಯ. ಕೇಳಲು ಬರುವವರು ಹೆಚ್ಚೆಂದರೆ ನಲವತ್ತು ಜನ, ಎಲ್ಲ ನನ್ನ ಅರ್ಧ ವಯಸ್ಸಿನವರು. ನನಗೆ ಇಷ್ಟವಾದದ್ದು ಈ ಮೂವರ ಬ್ಯಾಂಡ್. ಹಾಡುತ್ತ ಗಿಟಾರ್ ನುಡಿಸುವ ಈ ಹುಡುಗಿ, ಡ್ರಮ್ ಬಾರಿಸುವ ಅವಳ ಅಣ್ಣ, ಮತ್ತು ಬೇಸ್ ಗಿಟಾರಿನ ಒಬ್ಬ ಉದ್ದನೆಯ ಆಸಾಮಿ. ಅವನನ್ನು ಎಲ್ಲರೂ ಏಣಿ ಎಂದು ಕರೆಯುತ್ತಾರೆ. ನಾನು ವೈರಿಂಗ್ ಕೆಲಸದವನು. ಅಲ್ಲಿ ನನಗೆ ಕರೆಂಟ್ ಮಾಮ ಎಂದು ಹೆಸರು.

ನಾನು ಅಲ್ಲಿಗೆ ಹೋಗಿ ಸೇರಿಕೊಂಡದ್ದೂ ಏಣಿಯಿಂದಲೇ, ಆದರೆ ಹತ್ತುವ ಏಣಿ. ಎದುರು ಅಂಗಡಿಯ ಬೋರ್ಡಿಗೆ ದೀಪ ಕೂರಿಸುತ್ತ ಏಣಿಯ ಮೇಲೆ ನಿಂತಿದ್ದೆ. ಮಹಡಿಯ ಕಿಟಕಿ ನನ್ನ ಕಿವಿಯ ಮಟ್ಟಕ್ಕೆ ಸರಿಯಾಗಿ ಇತ್ತು. ಈ ಹುಡುಗಿ ಹಾಡುತ್ತಿದ್ದಳು. ಮನೆಗೆ ಬಂದ ಹೆಂಗಸೊಬ್ಬಳು ಬೀಗ ತೆಗೆಯುವ ಮೊದಲು ಆ ದಿನದ ಸಮಾಚಾರವನ್ನೆಲ್ಲ ಬಾಗಿಲಿಗೆ ಹೇಳುತ್ತಾಳೆ, ಅಂಥ ಒಂದು ಹಾಡು. ನನ್ನ ಹೆಂಡತಿ ತೀರಿಹೋಗಿ ಆಗ ಎರಡು ವರ್ಷವಾಗಿತ್ತು. ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಇಳಿದವನು ಹಾಗೇ ರಸ್ತೆ ದಾಟಿ ಮಹಡಿ ಹತ್ತಿದೆ. ಆಮೇಲೆ ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ ಹೋಗಿದ್ದೇನೆ. ಈ ವಯಸ್ಸಿನಲ್ಲಿ ಆ ಚಿಕ್ಕ ಹುಡುಗರ ಮಧ್ಯೆ ಕಂಬದ ಹಾಗೆ ನಿಂತಿರುತ್ತೀಯಂತಲ್ಲ, ನಾಚಿಕೆ ಆಗಲ್ವಾ ಎಂದು ನನ್ನ ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು. ಕಂಬಕ್ಕೆ ಎಂಥ ನಾಚಿಕೆ ಎನ್ನುತ್ತಿದ್ದೆ.

ಆ ಮಹಡಿಯ ವೈರಿಂಗಿಗೆ ಅರ್ಥಿಂಗ್ ಇರಲಿಲ್ಲ, ಸೋರುವ ಕರೆಂಟನ್ನು ನೆಲಕ್ಕಿಳಿಸುವ ತಂತಿ. ಅದನ್ನು ಮೊದಲ ದಿನವೇ ಗುರುತಿಸಿದ್ದೆ. ಗಿಟಾರಿನ ದನಿ ಜೋರು ಮಾಡುವ ಪೆಟ್ಟಿಗೆಗೆ ಪ್ಲಗ್ ಹಾಕಿದರೆ ಸಾಕು, ಗುಂಯ್ ಎಂದು ಒಂದೇ ಸಮನೆ ಶಬ್ದ. ಮೂವತ್ತು ವರ್ಷದಿಂದ ಈ ಕೆಲಸ ಮಾಡುವವನು ನಾನು. ಅಂಥ ಶಬ್ದ ಕೇಳಿದರೆ ಕೈ ತಾನಾಗಿ ಜೇಬಿನ ಟೆಸ್ಟರ್ ಹುಡುಕುತ್ತದೆ. ಹಾಡು ಚೆನ್ನಾಗಿದೆ, ಈ ದರಿದ್ರ ಗುಂಯ್ ಒಂದು ಇಲ್ಲದಿದ್ದರೆ ಎಷ್ಟು ಚೆನ್ನ ಎಂದು ನಾಲ್ಕು ವರ್ಷ ಅಂದುಕೊಂಡಿದ್ದೇನೆ.

ಆ ಭಾನುವಾರ ಕಾರ್ಯಕ್ರಮಕ್ಕೆ ಮೊದಲು ಅವರ ಹಾಡುಗಳ ರೆಕಾರ್ಡಿಂಗ್ ಇತ್ತು. ಮೊಟ್ಟಮೊದಲ ಸಲ. ರೆಕಾರ್ಡಿಂಗಿನವನು ಬೇರೆ ಊರಿನವನು, ಬಹಳ ಬೇಡಿಕೆಯವನು, ಇವರಿಗೆ ಒಂದು ಗಂಟೆ ಹೊತ್ತು ಕೊಟ್ಟಿದ್ದ. ಇಷ್ಟು ವರ್ಷ ಕೇಳಿದ್ದಕ್ಕೆ ನಾನೂ ಏನಾದರೂ ಕೊಡಬೇಕಲ್ಲ ಅನ್ನಿಸಿತು. ಶುಕ್ರವಾರ ಕೆಲಸಕ್ಕೆ ರಜೆ ಹಾಕಿ, ಕಟ್ಟಡದ ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು, ಹಿತ್ತಲಿನಲ್ಲಿ ಎದೆಮಟ್ಟ ಗುಂಡಿ ತೋಡಿದೆ. ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಮಹಡಿಯ ಸ್ವಿಚ್ ಬೋರ್ಡಿನವರೆಗೆ ದಪ್ಪ ತಂತಿ ಎಳೆದೆ. ಸಂಜೆ ಸೊಂಟ ಹಿಡಿದುಕೊಂಡಿತ್ತು. ಯಾರಿಗೂ ಹೇಳಲಿಲ್ಲ. ಅವರು ಪ್ಲಗ್ ಹಾಕಿದಾಗ ಮುಖ ಹೇಗೆ ಅರಳುತ್ತದೆ ನೋಡೋಣ ಎಂದುಕೊಂಡಿದ್ದೆ.

ಪ್ಲಗ್ ಹಾಕಿದರು. ಸದ್ದಿಲ್ಲ. ಹುಡುಗಿ ಹಾಡಲು ಬಾಯಿ ತೆರೆದವಳು ಹಾಗೇ ನಿಂತಳು. ಅಣ್ಣ ಎದ್ದು ತಂತಿಗಳನ್ನೆಲ್ಲ ಅಲ್ಲಾಡಿಸಿದ, ಪೆಟ್ಟಿಗೆಗೆ ಗುದ್ದಿದ. ಎಲ್ಲಿ ಹೋಯ್ತು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ನಾನು ಎದೆ ಉಬ್ಬಿಸಿಕೊಂಡು ಮುಂದೆ ಬಂದು, ನಾನೇ ತೆಗೆದದ್ದು ಎಂದೆ.

ಆಮೇಲೆ ಗೊತ್ತಾಯಿತು. ಬಾಗಿಲ ಹಾಡು ಶುರುವಾಗುವುದೇ ಆ ಗುಂಯ್‌ನಿಂದಂತೆ. ಎಂಟು ಎಣಿಸುವವರೆಗೆ ಯಾರೂ ಏನೂ ನುಡಿಸುವುದಿಲ್ಲ, ಬರೀ ಅದೊಂದೇ ಇರುತ್ತದೆ. ಅದೇ ಅವಳಿಗೆ ಶ್ರುತಿ. ಗಿಟಾರಿನ ತಂತಿಗಳನ್ನೂ ಬೇಸಿನ ತಂತಿಗಳನ್ನೂ ಅದಕ್ಕೇ ಹೊಂದಿಸಿ ಬಿಗಿದಿದ್ದಾರೆ. ಹಾಡು ಕಟ್ಟಿದ್ದು ಅದೇ ಮಹಡಿಯಲ್ಲಿ, ಅದೇ ಗುಂಯ್ ಕೇಳುತ್ತ. ಅದಿಲ್ಲದೆ ಒಂದು ಸಲ ಹಾಡಿ ತೋರಿಸಿದಳು. ಖಾಲಿ ಮಾಡಿದ ಮನೆಯಲ್ಲಿ ಮಾತಾಡಿದ ಹಾಗಿತ್ತು. ನನಗೆ ಬೇಜಾರಾಯಿತು, ಆದರೆ ಅದನ್ನು ತೋರಿಸುವ ಜಾಯಮಾನ ನನ್ನದಲ್ಲ. ದನಿ ಏರಿಸಿದೆ. ಅವಳೂ ಏರಿಸಿದಳು.

ಒಂದು ಗಂಟೆ ಮಟ್ಟಿಗೆ ಆ ತಂತಿ ಕಿತ್ತುಬಿಡು ಎಂದ ಅಣ್ಣ. ಆಗಲ್ಲ ಎಂದೆ. ಎಲ್ಲಿದೆ ತೋರಿಸು, ನಾನೇ ಕೀಳುತ್ತೇನೆ ಎಂದು ಬಂದ. ನಾನು ಬೋರ್ಡಿಗೆ ಅಡ್ಡ ನಿಂತೆ.

“ನೀನು ಬಾರಿಸೋ ಡಬ್ಬಕ್ಕೂ ನಿನ್ನ ತಲೆಗೂ ಏನೂ ವ್ಯತ್ಯಾಸ ಇಲ್ವಲ್ಲೋ. ತಂಗಿ ಬಾಯಿಗೆ ಕರೆಂಟ್ ಇಡ್ತೀಯಾ?”

“ಇಷ್ಟು ವರ್ಷ ಏನೂ ಆಗಿಲ್ಲ ಮಾಮ.”

“ಆಗೋವರೆಗೂ ಏನೂ ಆಗಿರಲ್ಲ. ಕೈ ಹಾಕಿ ನೋಡು, ನಿನ್ನ ಕೋಲು ನಿನ್ನ ಬೆನ್ನ ಮೇಲೇ ಮುರೀತೀನಿ.”

ಮಾಮ, ನಿನ್ನ ಮೈಯಲ್ಲಿರುವ ಕರೆಂಟಿಗೇ ಮೊದಲು ಅರ್ಥಿಂಗ್ ಕೊಡಬೇಕು ಎಂದ ಏಣಿ. ಹುಡುಗಿಗೆ ಆ ಸಿಟ್ಟಿನಲ್ಲೂ ನಗು ಬಂತು, ಮುಖ ತಿರುಗಿಸಿಕೊಂಡಳು.

ನಿಜ ಹೇಳುತ್ತೇನೆ, ಆ ಜಗಳದ ಮಧ್ಯೆ ನನಗೆ ಖುಷಿಯಾಗಿತ್ತು. ಹೆಂಡತಿ ಇದ್ದಾಗ ದಿನಕ್ಕೆರಡು ಸಲ ಜಗಳ ಆಗುತ್ತಿತ್ತು. ಇಬ್ಬರೂ ಬಾಯಿ ಜೋರು. ಅವಳು ಹೋದ ಮೇಲೆ ನನ್ನ ಮೇಲೆ ಯಾರೂ ಕೂಗಾಡಿಲ್ಲ. ಕೆಲಸಕ್ಕೆ ಹೋದ ಮನೆಗಳಲ್ಲಿ ಆಯ್ತಪ್ಪ ಎನ್ನುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಅಕ್ಕ ಊಟ ಆಯ್ತಾ ಎಂದು ಕೇಳಿ ಫೋನ್ ಇಡುತ್ತಾಳೆ. ನನ್ನ ಕೋಣೆಯಲ್ಲಿ ಒಂದು ಲೋಟ ಬಿದ್ದರೆ ಅದು ಉರುಳುವುದು ನಿಲ್ಲಿಸುವವರೆಗೂ ಕೇಳುತ್ತ ಕೂರುತ್ತೇನೆ. ಈ ಮೂವರು ನನ್ನ ಮುಖಕ್ಕೆ ಮುಖ ಕೊಟ್ಟು ಬೈಯುತ್ತಿದ್ದರು. ತಮ್ಮವನಲ್ಲದಿದ್ದರೆ ಯಾಕೆ ಇಷ್ಟು ಬೈಯುತ್ತಾರೆ ಅನ್ನಿಸಿತು. ಆ ಹಾಡು ಕೆಟ್ಟರೆ ಭಾನುವಾರ ಈ ಮೆಟ್ಟಿಲು ಹತ್ತುವ ಮುಖ ನನಗಿರುವುದಿಲ್ಲ ಎಂದೂ ಗೊತ್ತಿತ್ತು.

ಆಗ ಹೊಳೆಯಿತು. ಕರೆಂಟ್ ಲೈನಿನ ಗುಂಯ್ ಎಲ್ಲಿಂದ ಬಂದರೂ ಅದೇ ಗುಂಯ್. ಹೊರಗಿನ ಗೋಡೆಯಲ್ಲಿ ಹಳೆಯ ಕಾಲದ ಟ್ಯೂಬ್‌ಲೈಟ್ ಒಂದಿತ್ತು, ತಾಮ್ರದ ಸುರುಳಿಯ ದೊಡ್ಡ ಚೋಕ್ ಇರುವಂಥದ್ದು. ಚೋಕ್ ಹತ್ತಿರ ಗಿಟಾರ್ ಹಿಡಿದರೆ ಆ ಶಬ್ದ ಗಿಟಾರಿಗೆ ಹತ್ತುತ್ತದೆ, ಮೈಗೆ ಹತ್ತುವುದಿಲ್ಲ. ಪಟ್ಟಿ ಸಮೇತ ಬಿಚ್ಚಿ ತಂದೆ. ತಂತಿ ಕೂಡುವ ಕಡೆಯೆಲ್ಲ ಎರಡು ಸುತ್ತು ಟೇಪ್ ಹಾಕಿ ಒಂದು ಸ್ಟೂಲಿನ ಮೇಲೆ ಅಡ್ಡ ಮಲಗಿಸಿ ಸ್ವಿಚ್ ಒತ್ತಿದೆ. ಲೈಟು ಮಿಣಮಿಣ ಎಂದು ಹತ್ತಿಕೊಂಡಿತು. ಹುಡುಗಿ ಗಿಟಾರ್ ಹಿಡಿದು ನಿಂತಳು. ಪೆಟ್ಟಿಗೆಯಿಂದ ಸಣ್ಣಗೆ ಗುಂಯ್ ಬಂತು.

ನಾನು ಮೊಣಕಾಲೂರಿ ಸ್ಟೂಲನ್ನು ಬೆರಳಷ್ಟು ಬೆರಳಷ್ಟು ಅವಳ ಕಡೆಗೆ ಸರಿಸಿದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ಇನ್ನೊಂಚೂರು. ಇನ್ನೊಂಚೂರು ಮಾಮ. ಹಾಂ, ಅಲ್ಲೇ. ಅಲ್ಲೇ ಇರ್ಲಿ.”

ಎಂಟು ಎಣಿಸುವವರೆಗೆ ಬರೀ ಗುಂಯ್. ಅವಳು ಮೊದಲ ಸಾಲು ಎತ್ತಿಕೊಂಡಳು. ಅದೇ ಹಾಡು, ಅದೇ ಬಾಗಿಲು. ನಾಲ್ಕು ವರ್ಷದಲ್ಲಿ ಆ ಶಬ್ದವನ್ನು ನಾನು ಮೊದಲ ಸಲ ಸರಿಯಾಗಿ ಕೇಳಿದೆ. ಅಣ್ಣ ನನ್ನ ಕಡೆ ಕೋಲು ಎತ್ತಿ ತೋರಿಸಿದ. ನಾನು ಮುರಿಯುತ್ತೇನೆಂದ ಕೋಲು ಅದೇ. ಮೊಣಕಾಲಿನ ಮೇಲೆಯೇ ಕೂತಿದ್ದೆ, ಏಳುವ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ರೆಕಾರ್ಡಿಂಗಿನವನು ಕೊನೆಯ ಪೆಟ್ಟಿಗೆ ಹೊತ್ತು ಮಹಡಿ ಹತ್ತಿ ಬಂದ. ಈ ರಾದ್ಧಾಂತ ಯಾವುದೂ ಅವನಿಗೆ ಗೊತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಮೆದು ಮಾತು. ಮೈಕುಗಳನ್ನು ನಿಲ್ಲಿಸಿ, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ನೆಲದ ಹಲಗೆ ಕಿರ್‌ಗುಟ್ಟುತ್ತಿದೆ, ಬ್ಯಾಂಡಿನವರು ಮಾತ್ರ ಒಳಗಿರಲಿ ಎಂದ. ನನ್ನನ್ನು ನೋಡಿ, ಇವರು ಯಾರು ಎಂದು ಹುಡುಗಿಯನ್ನು ಕೇಳಿದ. ಅವಳು ಗಿಟಾರಿನ ತಂತಿ ಬಿಗಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಇವರಾ? ಇಲ್ಲಿನ ಎಲೆಕ್ಟ್ರಿಷಿಯನ್ನು.”

ಕೂಗಿ ಹೇಳಲಿಲ್ಲ. ಸಿಟ್ಟಿನಿಂದ ಹೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದನ್ನು ಹೇಳಿದಳು, ಅಷ್ಟೇ. ಬಾಗಿಲಲ್ಲಿ ಚೀಟಿ ಕೊಂಡು ಒಳಗೆ ಬಂದು ನಿಲ್ಲುವವರಲ್ಲಿ ನಾನೂ ಒಬ್ಬ ಎಂಬುದು ಅವಳ ತಲೆಗೆ ಯಾವತ್ತೂ ಬಂದಿರಲಿಲ್ಲ. ಕಂಬದ ಹಾಗೆ ಬ್ಯಾಗು ಹಿಡಿದು ನಿಂತವನು ಡ್ಯೂಟಿಯ ಮೇಲೆ ನಿಂತಿದ್ದಾನೆ ಎಂದುಕೊಂಡಿದ್ದಾಳೆ. ಬೈದದ್ದೂ ಹಾಗೇ. ಕೆಲಸ ಕೆಡಿಸಿದ ಕೆಲಸದವನನ್ನು ಬೈದ ಹಾಗೆ.

ನಾನು ಅಣ್ಣನ ಕಡೆ ನೋಡಿದೆ. ಅವನು ಕೂರುವ ಸ್ಟೂಲಿನ ಎತ್ತರ ಸರಿಮಾಡಿಕೊಳ್ಳುತ್ತಿದ್ದ. ಏಣಿಯ ಕಡೆ ನೋಡಿದೆ. ಅವನು ಬೇಸಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದ.

ಹುಡುಗಿ ಗಿಟಾರ್ ಕೆಳಗಿಟ್ಟು ನನ್ನ ಹತ್ತಿರ ಬಂದಳು. ರೆಕಾರ್ಡಿಂಗಿನವನು ಕೇಳಿಸಿಕೊಳ್ಳುತ್ತಿದ್ದ.

“ಸರ್, ಸ್ವಲ್ಪ ಹೊರಗಿರ್ತೀರಾ? ಮುಗಿದ ಮೇಲೆ ಹೇಳ್ತೀವಿ, ಈ ಲೈಟು ವಾಪಸ್ ಹಾಕ್ಬೇಕಲ್ಲ.”

ನನ್ನ ಬಾಯಲ್ಲಿ ಬೈಗುಳ ಯಾವತ್ತೂ ತಯಾರಿರುತ್ತದೆ. ಮಾಮ ಅಂದಿದ್ದರೆ ಒಂದು ಬಿಡುತ್ತಿದ್ದೆ. ಟೇಪು, ಕಟಿಂಗ್ ಪ್ಲೇಯರ್, ಟೆಸ್ಟರ್ ಬ್ಯಾಗಿಗೆ ಹಾಕಿದೆ. ಲೈಟು ಬಿಸಿಯಾಗುತ್ತದೆ, ಮುಗಿದ ಕೂಡಲೇ ಸ್ವಿಚ್ ಆರಿಸಿ, ಆಮೇಲೆ ಸ್ಟೂಲ್ ಮುಟ್ಟಿ ಎಂದೆ. ಆಯ್ತು ಸರ್ ಎಂದಳು.

ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ನಿಂತೆ. ಒಳಗೆ ಎಂಟು ಎಣಿಸುವಷ್ಟು ಹೊತ್ತು ಏನೂ ಕೇಳಿಸಲಿಲ್ಲ, ಬಾಗಿಲು ದಪ್ಪ. ಆಮೇಲೆ ಡ್ರಮ್ಮಿನ ಧಬಧಬ ಮಾತ್ರ ಗೋಡೆಯಲ್ಲಿ ಬಂತು, ಪಕ್ಕದ ಮನೆಯಲ್ಲಿ ಯಾರೋ ಏನೋ ಕುಟ್ಟುತ್ತಿರುವ ಹಾಗೆ. ಕೆಳಗಿಳಿದೆ. ಕಾವಲುಗಾರ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನು ಕಣ್ಣು ಬಿಟ್ಟು, ಕೆಲಸ ಮುಗಿಯಿತಾ ಎಂದು ಕೇಳಿದ. ಮುಗಿಯಿತು ಎಂದೆ. ಕಾರ್ಯಕ್ರಮಕ್ಕೆ ಬೇಗ ಬಂದ ನಾಲ್ಕಾರು ಹುಡುಗ ಹುಡುಗಿಯರು ಬಾಗಿಲ ಬಳಿ ಗುಂಪುಗಟ್ಟಿ ನಿಂತಿದ್ದರು. ನಾನು ಬರುವುದನ್ನು ನೋಡಿ ದಾರಿ ಬಿಟ್ಟರು. ರಸ್ತೆ ದಾಟಿದೆ.

ಆ ಬೀದಿಯಿಂದ ಈಗಲೂ ಕೆಲಸಕ್ಕೆ ಕರೆಯುತ್ತಾರೆ. ಬೇರೆ ಯಾರನ್ನಾದರೂ ಕಳಿಸುತ್ತೇನೆ.