ಪಾಳಿ ಪಟ್ಟಿ

"ಲೇ ಸುಮಧ್ವಾ, ಮತ್ತ ನಿಂತದ ನೋಡು ನಿನ್ನ ಪಟ್ಟಿ!" ಎನ್ನುತ್ತ ಸುರೇಶಕುಮಾರ ಅವನ ಕುರ್ಚಿಯ ತೋಳಿನ ಮೇಲೆಯೇ ಕುಳಿತ.

ಅದು ಎರಡು ಸಾವಿರದ ಐದರ ಬೇಸಿಗೆ. ಕೋಡ್ಲಾ ಹತ್ತಿರದ ಆ ಸಿಮೆಂಟ್ ಕಾರ್ಖಾನೆಯಲ್ಲಿ ಲಾರಿ ತೂಕವಾದೊಡನೆ ಕಂಪ್ಯೂಟರಿನ ಒಂದು ಫೋಲ್ಡರಿಗೆ ಫೈಲು ಬಂದು ಬೀಳುತ್ತಿತ್ತು. ಅದನ್ನು ನೋಡಿಕೊಂಡು ಪರದೆಯ ಪಾಳಿ ಪಟ್ಟಿಯಲ್ಲಿ ಲಾರಿಯ ನಂಬರು ಮೂಡಬೇಕು. ಪ್ರೋಗ್ರಾಮು ಬರೆದವನು ಸುಮಧ್ವ. ಎರಡು ಫೈಲು ಒಟ್ಟಿಗೆ ಬಿದ್ದವೋ, ಮುಗಿಯಿತು, ಪರದೆ ಕಲ್ಲಾಗುತ್ತಿತ್ತು. ಹೊರಗೆ ತಮ್ಮ ಸರದಿ ಕಾಯುವ ಡ್ರೈವರುಗಳು ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದರು.

ಬೈಯಲಿ ಬಿಡಿ. ಬೈಗುಳಕ್ಕೆ ಅವನು ಹೆದರುತ್ತಿರಲಿಲ್ಲ. ಹೆದರಿಕೆಯೆಲ್ಲ ಸೇಡಂನ ಬಾಡಿಗೆ ಕೋಣೆಯದು. ಅಲ್ಲಿ ಬೀಗ ತೆಗೆದರೆ 'ಬಂದ್ಯಾ' ಎನ್ನುವ ನರಪಿಳ್ಳೆಯಿಲ್ಲ. ಈ ಎಂಟು ತಿಂಗಳಲ್ಲಿ ಅವನನ್ನು 'ಲೇ' ಎಂದು ಕರೆದು, ಅವನ ಡಬ್ಬಿಯಿಂದ ಕೇಳದೆಯೇ ಉಪ್ಪಿನಕಾಯಿ ಎತ್ತಿಕೊಂಡವನು ಲಾರಿ ತೂಗುವ ಕಾಟಾದ ಆಪರೇಟರ್ ಈ ಸುರೇಶ ಒಬ್ಬನೇ. ಊಟದ ಆ ಅರ್ಧ ಗಂಟೆಗಾಗಿಯೇ ಸುಮಧ್ವ ದಿನಾ ಬಸ್ಸು ಹತ್ತುತ್ತಿದ್ದ ಎಂದರೂ ಸುಳ್ಳಲ್ಲ.

ಆ ದಿನ ಹನ್ನೆರಡರ ಹೊತ್ತಿಗೆ ತಪ್ಪು ಸಿಕ್ಕಿತು. ಫೋಲ್ಡರನ್ನು ಕಾಯುವ ಭಾಗ ತಾನೇ ನುಗ್ಗಿ ಪರದೆಗೆ ಕೈ ಹಾಕುತ್ತಿತ್ತು. ಹಾಗೆ ಹಾಕಬಾರದು. ಫೈಲು ಬಂದಿದೆ ಎಂದು ಹೇಳಿ ಸುಮ್ಮನಿರಬೇಕು. ಪರದೆ ತನ್ನ ಕೆಲಸ ಮುಗಿಸಿ ತಾನೇ ಬರೆದುಕೊಳ್ಳುತ್ತದೆ. ನಾಲ್ಕು ಸಾಲು ತಿದ್ದಿದ. ನಂಬರುಗಳು ಸರಸರ ಮೂಡತೊಡಗಿದವು.

"ಭಲೆ! ಏನ್ ಜಾದೂ ಮಾಡ್ದಿ ದೋಸ್ತ?"

ಖುಷಿಯಲ್ಲಿ ಬಾಯಿಗೆ ಕಡಿವಾಣ ಎಲ್ಲಿಯದು! "ನಮ್ಮಜ್ಜಿ ಶಾರದಾಬಾಯಿ ಮಡೀಲೆ ಅಡಗಿ ಮಾಡಾಗ ಯಾರೂ ಮುಟ್ಟಂಗಿಲ್ಲ. ಹೊರಗ ನಿಂತು ಹೇಳಬೇಕು, ಕೈ ಖಾಲಿ ಆದ್ಮ್ಯಾಲ ಅಕಿನೇ ನೋಡ್ತಾಳ. ಈ ಪರದಿನೂ ಮಡ್ಯಾಗ ಅದ. ಫೈಲು ಹೋಗಿ ಮುಟ್ಟಿಬಿಡ್ತಿತ್ತು, ಮೈಲಿಗಿ ಆಗ್ತಿತ್ತು!" ಎಂದು ಸುಮಧ್ವ ಒಬ್ಬನೇ ನಕ್ಕ.

ಸುರೇಶ ಕುರ್ಚಿಯ ತೋಳಿನಿಂದ ಎದ್ದ. "ನಮ್ಮೂರು ದಂಡೋತ್ಯಾಗ ನಮ್ಮವ್ವನೂ ಹಂಗೇ ಹೊರಗ ನಿಂತು ಕೂಗ್ತಿದ್ಳು. ಮ್ಯಾಲಿನವರ ಬಾವಿ ಮುಂದ, ಕೊಡ ಇಟ್ಕೊಂಡು. ಯಾರೂ ಲಗೂ ಬಂದು ನೀರು ಹಾಕ್ತಿದ್ದಿಲ್ಲ."

"ಅಯ್ಯ, ನಾ ಆ ಮಾತಿಗಿ ಅಂದಿಲ್ಲೋ ಸುರೇಶಾ..."

"ಗೊತ್ತದ," ಎಂದು ಅವನು ಹೊರಟೇಬಿಟ್ಟ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಆ ಅಜ್ಜಿಯೇ ಮೊಮ್ಮಗನಿಗೆ ನೂರು ಸಲ ಹೇಳಿರಬೇಕು. ಕೇಳಿಸಿಕೊಂಡವರು ಯಾರು!

ಒಂದು ಗಂಟೆಯಾದರೂ ಸುರೇಶ ಊಟಕ್ಕೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಬೇವಿನ ನೆರಳಲ್ಲಿ ಡ್ರೈವರುಗಳ ನಡುವೆ ರೊಟ್ಟಿ ಮುರಿಯುತ್ತ ಕುಳಿತಿದ್ದ. ಸುಮಧ್ವನಿಗೆ ಅಳುವೇ ಬಂತು. ಡಬ್ಬಿ ಎತ್ತಿಕೊಂಡು ಬಿಸಿಲಿಗಿಳಿದ. ಅವನನ್ನು ಕಂಡು ಡ್ರೈವರುಗಳು ಸರಿದು ಜಾಗ ಬಿಟ್ಟರು. ಸುರೇಶನ ಮಗ್ಗುಲಲ್ಲೇ ಕುಳಿತು, ಮುಚ್ಚಳ ತೆಗೆದು, ಡಬ್ಬಿಯನ್ನು ಇಬ್ಬರ ನಡುವೆ ಇಟ್ಟ.

"ನಂದು ಆಯ್ತ್ರಿ ಸರ್, ನೀವು ಮಾಡ್ರಿ," ಎಂದ ಸುರೇಶ, ಅರ್ಧ ಉಳಿದಿದ್ದ ರೊಟ್ಟಿಯನ್ನು ಮೆಲ್ಲಗೆ ಬಟ್ಟೆಯಲ್ಲಿ ಸುತ್ತಿಕೊಂಡ.